ಕಪ್ಪಿಗೇ ಮೀಸಲಾದ ಪ್ರಿಂಟರ್

ಮನೆಯಲ್ಲಿರುವ ಮಾಮೂಲಿ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಬೂದು ಬಣ್ಣದ ಶಾಯಿ ಇರುವುದಿಲ್ಲ. ಕಪ್ಪು, ಸಯಾನ್, ಮಜೆಂಟಾ, ಹಳದಿ ಎಂದು ನಾಲ್ಕು ಟ್ಯಾಂಕ್. ಫೋಟೋಗೆಂದೇ ಮಾಡಿದ ಯಂತ್ರವಾದರೆ ತಿಳಿ ಸಯಾನ್, ತಿಳಿ ಮಜೆಂಟಾ ಸೇರಿ ಆರು. ಕಪ್ಪು-ಬಿಳುಪು ಫೋಟೋ ಕೊಟ್ಟಾಗ ಅದು ಈ ಬಣ್ಣಗಳ ಚುಕ್ಕೆಗಳನ್ನೇ ಬೆರೆಸಿ ಬೂದನ್ನು ಹುಟ್ಟಿಸಬೇಕು. ಮೂರು ಬಣ್ಣಗಳ ತೂಕ ಸರಿಯಾಗಿ ಬಿದ್ದರೆ ಬೂದು. ಒಂದು ಚೂರು ಆಚೀಚೆಯಾದರೂ ಹಸಿರು ಕಲೆತ ಬೂದು, ಇಲ್ಲವೇ ನೇರಳೆ ಕಲೆತ ಬೂದು. ಬಣ್ಣದ ಚಿತ್ರದಲ್ಲಾದರೆ ಇಷ್ಟು ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಮದುವೆ ಸೀರೆಯ ಕೆಂಪು ತುಸು ಹೆಚ್ಚಾದರೆ ಹೆಣ್ಣಿನ ಕಡೆಯವರು ಖುಷಿಪಟ್ಟಾರು. ಬೂದಿನ ವಿಷಯದಲ್ಲಿ ಕಣ್ಣು ಬಹಳ ಕಟ್ಟುನಿಟ್ಟು. ಪಕ್ಕದಲ್ಲಿ ಬಿಳಿ ಕಾಗದದ ಅಂಚು ಇದ್ದರಂತೂ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಬೆಳಕು ಬದಲಾದಾಗ ತೊಂದರೆ ಇನ್ನೂ ದೊಡ್ಡದು. ಕಿಟಕಿಯ ಬೆಳಕಿನಲ್ಲಿ ನೋಡಿ ಸರಿಪಡಿಸಿದ ಪ್ರಿಂಟ್ ರಾತ್ರಿ ಬಲ್ಬಿನ ಕೆಳಗೆ ಬೇರೆಯದೇ ಛಾಯೆಗೆ ತಿರುಗುತ್ತದೆ. ಬಣ್ಣದ ಶಾಯಿಗಳು ಬೆಳಕಿನ ಬೇರೆ ಬೇರೆ ಅಲೆಯುದ್ದಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ ಹೀಗಾಗುತ್ತದೆ. ಛಾಯಾಗ್ರಾಹಕರು ಇದನ್ನು ಮೆಟಾಮೆರಿಸಂ ಎಂದು ಕರೆದು ಶಪಿಸುತ್ತಾರೆ. 2000ರಲ್ಲಿ ಬಂದ ಎಪ್ಸನ್ 2000ಪಿ ಈ ಕಾರಣಕ್ಕೇ ಕುಪ್ರಸಿದ್ಧವಾಯಿತು. ಪಿಗ್ಮೆಂಟ್ ಶಾಯಿ, ದೀರ್ಘಕಾಲ ಮಾಸದ ಪ್ರಿಂಟ್ ಎಂಬ ಭರವಸೆಯೊಂದಿಗೆ ಬಂದ ಯಂತ್ರ ಅದು. ಆದರೆ ಅದರ ಕಪ್ಪು-ಬಿಳುಪು ಪ್ರಿಂಟುಗಳು ಹಗಲಿಗೆ ಹಿಡಿದರೆ ಹಸಿರಾಗುತ್ತಿದ್ದವು.

ಹಾಗಾದರೆ ಬಣ್ಣಗಳನ್ನು ಬಿಟ್ಟು ಕಪ್ಪು ಶಾಯಿಯೊಂದರಲ್ಲೇ ಮುದ್ರಿಸಬಾರದೇ? ಮುದ್ರಿಸಬಹುದು, ಹಾಗೆ ಮಾಡುವವರು ಇದ್ದಾರೆ. ಆಗ ತಿಳಿ ಬೂದು ಬೇಕಾದ ಕಡೆಯಲ್ಲೆಲ್ಲ ಕಪ್ಪು ಚುಕ್ಕೆಗಳನ್ನು ದೂರ ದೂರ ಉದುರಿಸಬೇಕು. ಕಾಗದವನ್ನು ಕೈಯಲ್ಲಿ ಹಿಡಿದು ನೋಡಿದರೆ ಆಕಾಶದಲ್ಲಿ, ಕೆನ್ನೆಯ ಮೇಲೆ ಆ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ವೇಗದ ಫಿಲ್ಮಿನ ಗ್ರೇನ್ ಇಷ್ಟಪಡುವವರು ಇದನ್ನೂ ಇಷ್ಟಪಟ್ಟಾರು. ಮಂಜು ಕವಿದ ಬೆಟ್ಟದ ಚಿತ್ರ ಮುದ್ರಿಸುವವರು ಒಪ್ಪುವುದಿಲ್ಲ.

ಉಳಿದ ದಾರಿ ಮೂರನೆಯದು. ಪ್ರಿಂಟರ್‌ನಲ್ಲಿರುವ ಬಣ್ಣಗಳನ್ನೆಲ್ಲ ಹೊರಹಾಕಿ, ಅದೇ ಜಾಗಗಳಲ್ಲಿ ಕಪ್ಪು ಶಾಯಿಯ ತೆಳುವಾದ, ಇನ್ನೂ ತೆಳುವಾದ ದ್ರಾವಣಗಳನ್ನು ತುಂಬುವುದು. ಕಪ್ಪಿನ ಜಾಗದಲ್ಲಿ ಗಟ್ಟಿ ಕಪ್ಪು, ಸಯಾನ್ ಇದ್ದಲ್ಲಿ ಕಡುಬೂದು, ಹಳದಿ ಇದ್ದಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ತಿಳಿ ಬೂದು. ಯಂತ್ರ ಮಾತ್ರ ತಾನಿನ್ನೂ ಬಣ್ಣವನ್ನೇ ಚಿಮುಕಿಸುತ್ತಿದ್ದೇನೆ ಎಂದುಕೊಂಡಿರುತ್ತದೆ. ಹೀಗೆ ಒಮ್ಮೆ ತುಂಬಿದ ಪ್ರಿಂಟರ್ ಮತ್ತೆ ಬಣ್ಣಕ್ಕೆ ಮರಳುವುದು ಕಷ್ಟ, ಏಕೆಂದರೆ ಕೊಳವೆಗಳನ್ನೂ ಹೆಡ್ಡನ್ನೂ ತೊಳೆಯಲು ಶಾಯಿಯೂ ಸಮಯವೂ ದಂಡವಾಗುತ್ತವೆ. ಒಂದು ಯಂತ್ರವನ್ನು ಕಪ್ಪು-ಬಿಳುಪಿಗೇ ಮೀಸಲಿಡುವುದು ಎಂದರೆ ಇದು. ಇಪ್ಪತ್ತೈದು ವರ್ಷಗಳ ಹಿಂದೆ ಇದಕ್ಕೆ ಎದುರುಮಾತೇ ಇರಲಿಲ್ಲ. ಇಂದಿಗೂ ಇದು ಬೇಕೇ, ಬೇಕಾದರೆ ಯಾರಿಗೆ ಎಂಬುದು ಈಗಿನ ಪ್ರಶ್ನೆ.

ಕಲಾಕೃತಿಯ ಮಟ್ಟದ ಇಂಕ್‌ಜೆಟ್ ಮುದ್ರಣದ ಮೊದಲ ಹೆಜ್ಜೆಗಳಲ್ಲೇ ಕಪ್ಪು-ಬಿಳುಪಿನ ಹಂಬಲವಿತ್ತು ಎಂಬುದು ಸ್ವಾರಸ್ಯದ ಸಂಗತಿ. ಕ್ರಾಸ್ಬಿ, ಸ್ಟಿಲ್ಸ್ ಅಂಡ್ ನ್ಯಾಶ್ ತಂಡದ ಗಾಯಕ ಗ್ರಹಾಂ ನ್ಯಾಶ್ ಒಳ್ಳೆಯ ಛಾಯಾಗ್ರಾಹಕನೂ ಹೌದು. ತನ್ನ ಹಳೆಯ ಕಪ್ಪು-ಬಿಳುಪು ಭಾವಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಲು ಆತ ಐರಿಸ್ 3047 ಎಂಬ ಯಂತ್ರದ ಬೆನ್ನುಹತ್ತಿದ. ಅದು ಅಚ್ಚುಕೂಟಗಳಿಗೆ ಬಣ್ಣದ ಪ್ರೂಫ್ ತೆಗೆದುಕೊಡಲು ಮಾಡಿದ್ದು, ಬೆಲೆ 1,26,000 ಡಾಲರ್. ದಪ್ಪ ಜಲವರ್ಣ ಕಾಗದ ಹಿಡಿಯಲೆಂದು ನ್ಯಾಶ್ ಮತ್ತು ಸಂಗಡಿಗರು ಅಷ್ಟು ದುಬಾರಿ ಯಂತ್ರಕ್ಕೆ ಗರಗಸ ಹಾಕಿದರು. ಗ್ಯಾರಂಟಿ ಅಲ್ಲಿಗೇ ಮುಗಿಯಿತು. 1991ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನಲ್ಲಿ ನ್ಯಾಶ್ ಎಡಿಷನ್ಸ್ ತೆರೆಯಿತು. ಆ ಮೊದಲ ಯಂತ್ರ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಐರಿಸ್ ಪ್ರಿಂಟುಗಳು ನೋಡಲು ಚಂದ, ಬಾಳಿಕೆ ಕಡಿಮೆ. ಡೈ ಶಾಯಿ ಬೆಳಕಿಗೆ ಬೇಗ ಮಾಸುತ್ತಿತ್ತು.

ಬಣ್ಣಗಳ ಜಾಗಕ್ಕೆ ಬೂದುಗಳನ್ನು ತುಂಬುವ ಉಪಾಯವನ್ನು ಪಟ್ಟುಹಿಡಿದು ಬೆಳೆಸಿದವನು ಅಮೆರಿಕದ ವರ್ಮಾಂಟ್ ರಾಜ್ಯದ ಮುದ್ರಣ ಕಲಾವಿದ ಜಾನ್ ಕೋನ್. ಆತನ ಪೀಜೋಗ್ರಫಿ ಪದ್ಧತಿ 2000ದ ಸುಮಾರಿಗೆ ಎಪ್ಸನ್‌ನ ಸಾಮಾನ್ಯ ಮೇಜಿನ ಪ್ರಿಂಟರ್‌ಗಳಿಗೇ ನಾಲ್ಕು ಬೂದುಗಳನ್ನು ಕೊಟ್ಟಿತು. ಮುಂದೆ ಅದು ಏಳು ಬೂದುಗಳಿಗೆ ಬೆಳೆಯಿತು. ಕಂದು ಛಾಯೆಯದು, ಸೆಲೀನಿಯಂ ಟೋನಿನದು, ಛಾಯೆಯೇ ಇಲ್ಲದ್ದು ಎಂದು ಬಗೆಬಗೆಯ ಕಟ್ಟುಗಳು ಬಂದವು. ಕೋನ್‌ದು ವ್ಯಾಪಾರಿಯ ದಾರಿ. ಶಾಯಿಯನ್ನೂ, ಯಾವ ಛಾಯೆಗೆ ಎಷ್ಟು ಶಾಯಿ ಎಂದು ಯಂತ್ರಕ್ಕೆ ಹೇಳುವ ಕರ್ವ್‌ಗಳನ್ನೂ ತಾನೇ ಕೊಡುತ್ತಿದ್ದ. ಪಾಲ್ ರೋರ್ಕ್ ಎಂಬ ಇನ್ನೊಬ್ಬ ಛಾಯಾಗ್ರಾಹಕ ಇದಕ್ಕೆ ತದ್ವಿರುದ್ಧ. ಪೇಟೆಯಲ್ಲಿ ಸಿಗುವ ಮ್ಯಾಟ್ ಕಪ್ಪು ಪಿಗ್ಮೆಂಟ್ ಶಾಯಿಯನ್ನು ಡಿಸ್ಟಿಲ್ಡ್ ವಾಟರ್, ಗ್ಲಿಸರಿನ್, ಡಾರ್ಕ್‌ರೂಮಿನಲ್ಲಿ ಬಳಸುವ ಫೋಟೋ-ಫ್ಲೋ ಸೇರಿಸಿ ತೆಳುಮಾಡುವ ಸೂತ್ರಗಳನ್ನು ಆತ ಎಲ್ಲರಿಗೂ ಬಿಟ್ಟಿಯಾಗಿ ಬರೆದುಕೊಟ್ಟ. ಕೋನ್‌ನ ಶಾಯಿಗಳಲ್ಲಿ ನಯ ಹೆಚ್ಚು, ರೋರ್ಕ್‌ನ ದಾರಿಯಲ್ಲಿ ಸ್ವಾತಂತ್ರ್ಯ ಹೆಚ್ಚು. ಕಿಸೆಗೆ ಹಗುರವಾದದ್ದು ಎರಡನೆಯದು ಎಂದು ಬೇರೆ ಹೇಳಬೇಕಿಲ್ಲ.

ಇವೆರಡನ್ನೂ ನಡೆಸುವ ಸಾಫ್ಟ್‌ವೇರ್ ಬರೆದವನು ರಾಯ್ ಹ್ಯಾರಿಂಗ್ಟನ್. ಅವನ ಕ್ವಾಡ್‌ಟೋನ್ ರಿಪ್ ಪ್ರಿಂಟರ್ ಕಂಪನಿಯ ಡ್ರೈವರನ್ನು ಬದಿಗೆ ಸರಿಸಿ, ಯಾವ ಟ್ಯಾಂಕಿನಿಂದ ಎಷ್ಟು ಶಾಯಿ ಎಲ್ಲಿ ಬೀಳಬೇಕು ಎಂಬುದನ್ನು ನೇರವಾಗಿ ಬಳಸುವವನ ಕೈಗೆ ಕೊಡುತ್ತದೆ. ಈ ಪುಟ್ಟ ತಂತ್ರಾಂಶ ಇಲ್ಲದೆಹೋಗಿದ್ದರೆ ಮೀಸಲು ಪ್ರಿಂಟರ್ ಎಂಬುದು ಕೆಲವೇ ಸ್ಟುಡಿಯೋಗಳ ಗುಟ್ಟಾಗಿ ಉಳಿಯುತ್ತಿತ್ತು. ಇದು ಎಪ್ಸನ್ ಯಂತ್ರಗಳಿಗಷ್ಟೇ ಸೀಮಿತ ಎಂಬ ಸಂಗತಿಯೇ ಮುಂದೆ ಯಾವ ಪ್ರಿಂಟರ್ ಕೊಳ್ಳಬೇಕು ಎಂಬುದನ್ನೂ ಬಹುಪಾಲು ತೀರ್ಮಾನಿಸಿಬಿಟ್ಟಿತು.

ಅಷ್ಟರಲ್ಲಿ ದೊಡ್ಡ ಕಂಪನಿಗಳಿಗೂ ಎಚ್ಚರವಾಗಿತ್ತು. 2003ರಲ್ಲಿ ಎಚ್‌ಪಿ ತನ್ನ ಫೋಟೋಸ್ಮಾರ್ಟ್ 7960ರಲ್ಲಿ ಬೂದುಗಳಿಗೇ ಒಂದು ಕಾರ್ಟ್ರಿಜ್ ಕೊಟ್ಟಿತು. 2005 ನಿರ್ಣಾಯಕ ವರ್ಷ. ಕಪ್ಪು-ಬಿಳುಪು ಫೋಟೋ ಕಾಗದದ ತಯಾರಿಕೆ ನಿಲ್ಲಿಸುವುದಾಗಿ ಕೊಡಾಕ್ ಹೇಳಿದ್ದು ಆ ವರ್ಷ; ಒಂದು ಕಪ್ಪಿನ ಜೊತೆಗೆ ಎರಡು ಬೂದು ಶಾಯಿಗಳಿರುವ ಆರ್2400 ಪ್ರಿಂಟರನ್ನು ಎಪ್ಸನ್ ಬಿಟ್ಟದ್ದೂ ಅದೇ ವರ್ಷ. ಅದರ ಡ್ರೈವರ್‌ನಲ್ಲಿ ಕಪ್ಪು-ಬಿಳುಪಿಗೇ ಬೇರೆ ವಿಧಾನವಿತ್ತು. ಚಿತ್ರದ ಬಹುಭಾಗವನ್ನು ಬೂದುಗಳಿಂದಲೇ ಕಟ್ಟಿ, ಛಾಯೆ ತಿದ್ದಲು ಮಾತ್ರ ಬಣ್ಣವನ್ನು ಚಿಟಿಕೆಯಷ್ಟು ಬಳಸುವ ವಿಧಾನ. ಮುಂದಿನ ವರ್ಷ ಬಂದ ಎಚ್‌ಪಿಯ ದೊಡ್ಡ ಯಂತ್ರ ಝಡ್3100ರಲ್ಲಿ ಹನ್ನೆರಡು ಕಾರ್ಟ್ರಿಜ್‌ಗಳಿದ್ದವು. ಅವುಗಳಲ್ಲಿ ಎರಡು ಕಪ್ಪು, ಎರಡು ಬೂದು.

ಇಲ್ಲಿಗೆ ಮೀಸಲು ಪ್ರಿಂಟರ್‌ನ ಪರವಾಗಿದ್ದ ಅತಿ ಗಟ್ಟಿ ವಾದ ಬಿದ್ದುಹೋಯಿತು. ಬೂದು ಹಸಿರಾಗುತ್ತದೆ ಎಂಬ ದೂರಿಗೆ ಈಗ ಹುರುಳಿಲ್ಲ. ಗ್ಲಾಸಿ ಅಥವಾ ಬರೈಟಾ ಕಾಗದದ ಮೇಲೆ ಮುದ್ರಿಸುವವರು ಎಪ್ಸನ್ ಪಿ700, ಪಿ900 ಅಥವಾ ಕ್ಯಾನನ್‌ನ ಪ್ರೊ ಸಾಲಿನ ಯಂತ್ರ ಕೊಂಡು, ಕಂಪನಿಯ ಶಾಯಿಯನ್ನೇ ಹಾಕಿ ನೆಮ್ಮದಿಯಾಗಿರಬಹುದು. ಅಂಥ ಕಾಗದದ ಮೇಲೆ ಇವು ಕೊಡುವ ಕಪ್ಪಿನ ಸಾಂದ್ರತೆ 2.3ರ ಆಸುಪಾಸಿಗೆ ಬರುತ್ತದೆ. ಡಾರ್ಕ್‌ರೂಮಿನ ಒಳ್ಳೆಯ ಗ್ಲಾಸಿ ಬ್ರೋಮೈಡ್ ಪ್ರಿಂಟು 2.1, 2.2ರ ಹತ್ತಿರ ನಿಲ್ಲುತ್ತಿತ್ತು. ಇದನ್ನು ಕೇಳಿ ಹಳಬರಿಗೆ ಬೇಸರವಾಗಬಹುದು, ಆದರೆ ಅಳತೆ ಹೇಳುವುದು ಹೀಗೆ. ಇದರ ಮೇಲೆ, ಮೀಸಲು ಶಾಯಿಗಳನ್ನು ಗ್ಲಾಸಿ ಕಾಗದಕ್ಕೆ ಹಾಕುವುದು ತಾಪತ್ರಯ. ಪಿಗ್ಮೆಂಟ್ ಬಿದ್ದ ಕಡೆ ಒಂದು ಹೊಳಪು, ಬೀಳದ ಬಿಳಿಯಲ್ಲಿ ಇನ್ನೊಂದು; ಓರೆಯಾಗಿ ಹಿಡಿದರೆ ಕಪ್ಪಿನ ಮೇಲೆ ಕಂಚಿನ ಮಿರುಗು. ಇದನ್ನು ಮುಚ್ಚಲು ಮೇಲೊಂದು ಪಾರದರ್ಶಕ ಲೇಪ ಬೇಕಾಗುತ್ತದೆ. ಗ್ಲಾಸಿಗಾಗಿ ಯಂತ್ರವನ್ನು ಮೀಸಲಿಡಬೇಡಿ ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ.

ಮ್ಯಾಟ್ ಕಾಗದದ ಕಥೆ ಬೇರೆ. ಹಾನೆಮ್ಯೂಲೆಯ ಫೋಟೋ ರ‍್ಯಾಗ್‌ನಂಥ ಹತ್ತಿಯ ಕಾಗದವನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು: ಅದಕ್ಕೆ ತೂಕವಿದೆ, ಮೈಯಿದೆ, ದೀಪದ ಪ್ರತಿಬಿಂಬ ಅಡ್ಡ ಬರುವುದಿಲ್ಲ. ಆದರೆ ಆ ಮೈಯೇ ಕಪ್ಪಿಗೆ ಶತ್ರು. ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಎಷ್ಟೇ ಶಾಯಿ ಸುರಿದರೂ ಸಾಂದ್ರತೆ 1.6, 1.7ರ ಹತ್ತಿರ ನಿಂತುಬಿಡುತ್ತದೆ. ಎಂದರೆ ಮ್ಯಾಟ್ ಕಪ್ಪು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚನ್ನು ಮರಳಿಸುತ್ತದೆ. ಗ್ಲಾಸಿ ಕಪ್ಪು ಮರಳಿಸುವುದು ಅರ್ಧ ಪಾಲು. ನಾಲ್ಕು ಪಟ್ಟಿನ ಈ ವ್ಯತ್ಯಾಸವನ್ನು ಯಾವ ಶಾಯಿಯೂ ಅಳಿಸಲಾರದು. ಉಳಿದಿರುವ ಕಿರಿದಾದ ಹರವಿನೊಳಗೆ ಛಾಯೆಗಳನ್ನು ಎಷ್ಟು ಜಾಣತನದಿಂದ ಹಂಚುತ್ತೀರಿ ಎಂಬುದಷ್ಟೇ ಕೈಯಲ್ಲಿರುವುದು. ಮೀಸಲು ಯಂತ್ರದ ಬೆಲೆ ಗೊತ್ತಾಗುವುದು ಇಲ್ಲಿ. ಆರೇಳು ಬೂದುಗಳಿದ್ದಾಗ ಪ್ರತಿ ಛಾಯೆಯನ್ನೂ ಅದಕ್ಕೆ ಹತ್ತಿರದ ಬೂದಿನಿಂದ, ಒತ್ತೊತ್ತಾದ ಚುಕ್ಕೆಗಳಿಂದ ಕಟ್ಟಬಹುದು. ಕಾಗದದ ಬಿಳಿ ಚುಕ್ಕೆಗಳ ನಡುವೆ ಇಣುಕುವುದು ಕಡಿಮೆಯಾಗುತ್ತದೆ. ನೆರಳಿನೊಳಗಿನ ನೆರಳು, ಕರಿಯ ಕಂಬಳಿಯ ನೇಯ್ಗೆ, ಆನೆಯ ಕಿವಿಯ ಹಿಂದಿನ ಸುಕ್ಕು ಎಲ್ಲ ಬಿಡಿಸಿಕೊಂಡು ಬರುತ್ತವೆ. ಬರಿಗಣ್ಣಿಗೆ ಈ ವ್ಯತ್ಯಾಸ ಎಲ್ಲ ಚಿತ್ರಗಳಲ್ಲೂ ಕಾಣುತ್ತದೆಯೇ? ಇಲ್ಲ. ಕಾಂಟ್ರಾಸ್ಟ್ ಜೋರಾಗಿರುವ ಬೀದಿ ಚಿತ್ರದಲ್ಲಿ ಕಂಪನಿಯ ಶಾಯಿಗೂ ಇದಕ್ಕೂ ಅಂತರ ಹುಡುಕಲು ಭೂತಗನ್ನಡಿ ಬೇಕು. ಮಂಜು, ನೀರು, ಚರ್ಮ, ಇಳಿಬೆಳಕಿನ ಗೋಡೆ ಇಂಥ ಕಡೆ ಕಾಣುತ್ತದೆ.

ಆನೆಯ ಮಾತು ಬಂದದ್ದರಿಂದ ಸಂಡೂರಿನ ಎಂ. ವೈ. ಘೋರ್ಪಡೆಯವರನ್ನು ನೆನೆಯದೆ ಮುಂದೆ ಹೋಗಲಾಗದು. ರಾಜ್ಯದ ಹಣಕಾಸು ಸಚಿವರಾಗಿದ್ದ ಅವರು ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ಹೆಸರಾದವರು. ಅವರು, ಛಾಯಾಗ್ರಾಹಕರಾದ ಟಿ. ಎನ್. ಎ. ಪೆರುಮಾಳ್, ಮೈಸೂರಿನ ಟಿ. ಎಸ್. ಸತ್ಯನ್ ಎಲ್ಲರೂ ಪ್ರಿಂಟನ್ನೇ ಚಿತ್ರದ ಕೊನೆಯ ರೂಪವೆಂದು ತಿಳಿದ ಕಾಲದವರು. ಆ ಕಾಲಕ್ಕೆ ಕಾಗದ ಹತ್ತಿರದಲ್ಲೇ ತಯಾರಾಗುತ್ತಿತ್ತು: ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಫೋಟೋ ಫಿಲಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮ್, ಬ್ರೋಮೈಡ್ ಎರಡನ್ನೂ ಮಾರುತ್ತಿತ್ತು. ಅದು ಮುಚ್ಚಿದೆ. ಈಗ ಬ್ರೋಮೈಡ್ ಬೇಕೆಂದರೆ ಇಂಗ್ಲೆಂಡಿನ ಇಲ್‌ಫೋರ್ಡ್‌ನಂಥ ಹೊರದೇಶದ ಕಾಗದಕ್ಕೆ ಆಮದಿನ ಬೆಲೆ ತೆರಬೇಕು. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳಿಂದ ಬೆಳೆದುಬಂದ ಸಲೋನ್ ಎಂಬ ಛಾಯಾಚಿತ್ರ ಸ್ಪರ್ಧೆಗಳ ಪರಂಪರೆಯಲ್ಲಿ ಮಾನೋಕ್ರೋಮ್ ವಿಭಾಗ ಇಂದಿಗೂ ಗಟ್ಟಿಯಾಗಿದೆ, ಆದರೆ ಚಿತ್ರಗಳು ಹೆಚ್ಚಾಗಿ ಫೈಲುಗಳಾಗಿಯೇ ಬಂದು ಪರದೆಯ ಮೇಲೆಯೇ ತೀರ್ಪು ಪಡೆಯುತ್ತವೆ. ಪ್ರಿಂಟ್ ಕೇಳುವ ಸಲೋನ್‌ಗಳಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್‌ನ ಒಂದು ನಿಯಮ ನೆನಪಿಡಬೇಕು. ಚಿತ್ರವಿಡೀ ಒಂದೇ ಬಣ್ಣದ ಛಾಯೆಗೆ ತಿರುಗಿದ್ದರೆ ಅದು ಮಾನೋಕ್ರೋಮ್. ಭಾಗಶಃ ಛಾಯೆ ಹಚ್ಚಿದರೆ ಅದು ಬಣ್ಣದ ಚಿತ್ರ. ನೆರಳಿನಲ್ಲಿ ಹಸಿರು, ಬೆಳಕಿನಲ್ಲಿ ನೇರಳೆ ತೋರುವ ಅಗ್ಗದ ಪ್ರಿಂಟನ್ನು ಕಂಡ ತೀರ್ಪುಗಾರ ಹುಬ್ಬು ಗಂಟಿಕ್ಕಿದರೆ ತಪ್ಪು ಹೇಳುವ ಹಾಗಿಲ್ಲ.

ಮೀಸಲು ಯಂತ್ರದ ಪರವಾಗಿ ಇಂದಿಗೂ ಸೋಲದೆ ನಿಂತಿರುವ ಇನ್ನೊಂದು ವಾದ ಬಾಳಿಕೆಯದು. ಮ್ಯಾಟ್ ಕಪ್ಪು ಶಾಯಿಯಲ್ಲಿರುವುದು ಕಾರ್ಬನ್, ಎಂದರೆ ಮಸಿ. ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳು ಕಾಣಲೆಂದು ನಮ್ಮ ಲಿಪಿಕಾರರು ಉಜ್ಜುತ್ತಿದ್ದದ್ದೂ ಅದನ್ನೇ. ಗರಿಯನ್ನು ಹುಳ ತಿಂದೀತು, ಮುರಿದು ಪುಡಿಯಾದೀತು, ಮಸಿ ಮಾತ್ರ ಮಾಸದು. ಬೆಳಕಿಗಾಗಲಿ ಗಾಳಿಯ ಓಝೋನಿಗಾಗಲಿ ಕಾರ್ಬನ್ ಜಗ್ಗುವುದಿಲ್ಲ. ಇಂಕ್‌ಜೆಟ್ ಬಾಳಿಕೆಯ ಪರೀಕ್ಷೆಗಳಲ್ಲಿ ಹೆನ್ರಿ ವಿಲ್‌ಹೆಲ್ಮ್ ಅವರ ಸಂಸ್ಥೆಯ ಹೆಸರು ಎಲ್ಲರಿಗೂ ಗೊತ್ತು. ಅದರಷ್ಟು ಪ್ರಚಾರವಿಲ್ಲದ ಆರ್ಡನ್‌ಬರ್ಗ್ ಇಮೇಜಿಂಗ್ ಸಂಸ್ಥೆಯಲ್ಲಿ ಮಾರ್ಕ್ ಮೆಕ್‌ಕಾರ್ಮಿಕ್-ಗುಡ್‌ಹಾರ್ಟ್ ನಡೆಸಿದ ಪರೀಕ್ಷೆಗಳಲ್ಲಿ ಶುದ್ಧ ಕಾರ್ಬನ್ ಪ್ರಿಂಟುಗಳು ಅತ್ಯಂತ ಸ್ಥಿರವಾದವುಗಳ ಸಾಲಿನಲ್ಲಿ ನಿಂತವು.

ಇಲ್ಲೊಂದು ತೊಡಕಿದೆ, ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ಶುದ್ಧ ಕಾರ್ಬನ್ ಪೂರ್ತಿ ಕಪ್ಪಲ್ಲ, ಕಂದು ಕಪ್ಪು. ತೆಳುಮಾಡಿದಷ್ಟೂ ಕಂದು ಹೆಚ್ಚು ಕಾಣುತ್ತದೆ, ಏಕೆಂದರೆ ಅದರ ನುಣ್ಣನೆಯ ಕಣಗಳು ನೀಲಿ ಬೆಳಕನ್ನು ತುಸು ಹೆಚ್ಚು ಹೀರುತ್ತವೆ. ತಣ್ಣನೆಯ, ಛಾಯೆಯಿಲ್ಲದ ಬೂದು ಬೇಕಾದರೆ ಸಯಾನ್, ನೀಲಿ, ಒಂಚೂರು ಮಜೆಂಟಾ ಪಿಗ್ಮೆಂಟುಗಳನ್ನು ಬೆರೆಸಬೇಕು. ಆ ಬಣ್ಣಗಳು ಕಾರ್ಬನ್‌ನಷ್ಟು ಬಾಳುವುದಿಲ್ಲ. ದಶಕಗಳ ನಂತರ ಅವು ಮಾಸಿದಾಗ ಪ್ರಿಂಟು ಮೆಲ್ಲಗೆ ಕಂದಿಗೆ ತಿರುಗುತ್ತದೆ. ಹಾಗಾಗಿ ‘ಕಾರ್ಬನ್ ಶಾಯಿ, ಚಿರಕಾಲ’ ಎಂದು ಬರೆದ ಬಾಟಲಿ ಕೊಳ್ಳುವ ಮೊದಲು ಅದು ಕಂದೋ ತಟಸ್ಥವೋ ಎಂದು ಕೇಳಬೇಕು. ತಟಸ್ಥವಾದರೆ ಒಳಗೆ ಬಣ್ಣವಿದೆ. ನನ್ನ ಮಟ್ಟಿಗೆ ಹತ್ತಿಯ ಕಾಗದದ ಮೇಲೆ ಕಾರ್ಬನ್‌ನ ಆ ಬೆಚ್ಚನೆಯ ಕಂದೇ ಚಂದ. ಹಿಮದ ಚಿತ್ರಕ್ಕೆ ಅದು ಒಗ್ಗದು ಎಂದು ಬಲ್ಲೆ, ಕರ್ನಾಟಕದಲ್ಲಿ ಹಿಮ ಬೀಳುವುದಿಲ್ಲ. ಕಾಗದದ ಬಗೆಗೂ ಇದೇ ಎಚ್ಚರ ಬೇಕು. ಕಣ್ಣು ಕುಕ್ಕುವ ಬಿಳಿಯ ಕಾಗದಗಳಲ್ಲಿ ಬಟ್ಟೆ ಸೋಪಿನ ಪುಡಿಯಲ್ಲಿರುವಂಥದ್ದೇ ಬಿಳುಪುಕಾರಕ ರಾಸಾಯನಿಕಗಳಿರುತ್ತವೆ. ಅವು ಸೋತಾಗ ಕಾಗದ ಹಳದಿಗೆ ಇಳಿಯುತ್ತದೆ. ಅಚಲ ಶಾಯಿಯನ್ನು ಚಂಚಲ ಕಾಗದದ ಮೇಲೆ ಚೆಲ್ಲಿ ಪ್ರಯೋಜನವಿಲ್ಲ.

ಯಾವ ಯಂತ್ರ? ಎಪ್ಸನ್ ಹೆಡ್ ಪೀಜೋ ಬಗೆಯದು: ವಿದ್ಯುತ್ತಿಗೆ ಬಾಗುವ ಹರಳು ಶಾಯಿಯನ್ನು ಒತ್ತಿ ಚಿಮ್ಮಿಸುತ್ತದೆ. ಕ್ಯಾನನ್, ಎಚ್‌ಪಿಗಳದು ಶಾಯಿಯನ್ನು ಕಾಯಿಸಿ ಗುಳ್ಳೆ ಎಬ್ಬಿಸುವ ಬಗೆ. ಮನೆಯಲ್ಲೇ ಕಲಸಿದ ಶಾಯಿಯನ್ನು ಪೀಜೋ ಹೆಚ್ಚು ತಾಳಿಕೊಳ್ಳುತ್ತದೆ, ಕ್ವಾಡ್‌ಟೋನ್ ರಿಪ್ ನಡೆಯುವುದೂ ಅದರಲ್ಲೇ. ಅಮೆರಿಕದಲ್ಲಿ ಈ ಕೆಲಸಕ್ಕೆ ಅಚ್ಚುಮೆಚ್ಚಾಗಿದ್ದ ಯಂತ್ರಗಳು ಎರಡು. ಆರು ಕಾರ್ಟ್ರಿಜ್‌ಗಳ ಪುಟ್ಟ 1400 ಮತ್ತು ಅದರ ತಮ್ಮ 1430 ಒಂದು ಕಡೆ. 80 ಮಿಲಿಲೀಟರ್ ಕಾರ್ಟ್ರಿಜ್‌ಗಳ, ಹದಿನೇಳು ಇಂಚಿನ 3880 ಇನ್ನೊಂದು ಕಡೆ. 3880ರಲ್ಲಿ ಗ್ಲಾಸಿ ಕಪ್ಪು, ಮ್ಯಾಟ್ ಕಪ್ಪು ಎರಡೂ ಒಂದೇ ನಾಝಲ್ ಸಾಲನ್ನು ಹಂಚಿಕೊಂಡಿದ್ದವು. ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗಲೆಲ್ಲ ಶಾಯಿ ಚರಂಡಿ ಸೇರುತ್ತಿತ್ತು. ಎರಡು ಯಂತ್ರ ಇಟ್ಟುಕೊಳ್ಳಲು ಅದೊಂದೇ ಕಾರಣ ಸಾಕು ಎನ್ನುವವರಿದ್ದರು. 2020ರಲ್ಲಿ ಬಂದ ಪಿ700, ಪಿ900 ಎರಡಕ್ಕೂ ಪ್ರತ್ಯೇಕ ಸಾಲು ಕೊಟ್ಟು ಆ ವಾದವನ್ನೂ ಮುಗಿಸಿದವು.

ನಮ್ಮಲ್ಲಿ ಚಿತ್ರ ತುಸು ಬೇರೆ. ಹಳೆಯ ಪ್ರೊ ಯಂತ್ರಗಳು ಸೆಕೆಂಡ್‌ಹ್ಯಾಂಡ್ ಸಿಕ್ಕುವುದು ಅಪರೂಪ, ಸಿಕ್ಕರೂ ಬಿಡಿಭಾಗಕ್ಕೆ ಅಲೆದಾಟ. ಊರೂರಿನ ಸ್ಟುಡಿಯೋಗಳಲ್ಲಿ ಕಾಣುವುದು ಎಪ್ಸನ್‌ನ ಇಂಕ್‌ಟ್ಯಾಂಕ್ ಯಂತ್ರಗಳು: ಪಾಸ್‌ಪೋರ್ಟ್ ಫೋಟೋದಿಂದ ಆಲ್ಬಮ್‌ವರೆಗೆ ದುಡಿಯುವ ಆರು ಬಣ್ಣದ ಎಲ್805, ಅದರ ಎ3 ಅಳತೆಯ ಅಣ್ಣ ಎಲ್1800. ಟ್ಯಾಂಕಿಗೆ ಚಿಪ್ ಇಲ್ಲ, ಬಾಟಲಿಯಿಂದ ಸುರಿದರಾಯಿತು. ಇವನ್ನು ಬಿಚ್ಚಿ ಬೇರೆ ಶಾಯಿ ತುಂಬುವ ಕಲೆ ನಮ್ಮ ಮೆಕ್ಯಾನಿಕ್‌ಗಳಿಗೆ ಹೊಸದಲ್ಲ. ಟೀ ಶರ್ಟಿನ ಮೇಲೆ ಮುದ್ರಿಸುವ ಡಿಟಿಎಫ್ ದಂಧೆಗಾಗಿ ಎಲ್1800ರೊಳಗೆ ಬಿಳಿ ಶಾಯಿ ಹರಿಸುತ್ತಿರುವವರು ಅವರೇ. ಅಂಥ ಕೈಗಳಿಗೆ ಬೂದು ಶಾಯಿ ತುಂಬಿಸುವುದು ಎಡಗೈ ಕೆಲಸ. ಆದರೂ ಎರಡು ಮಾತು ಹೇಳಬೇಕು. ಕೊಳ್ಳುವ ಮೊದಲೇ ಆ ಮಾದರಿಯನ್ನು ನಿಮ್ಮ ಸಾಫ್ಟ್‌ವೇರ್ ಒಪ್ಪುತ್ತದೆಯೇ ನೋಡಿಕೊಳ್ಳಿ. ಮತ್ತೆ, ಈ ಯಂತ್ರಗಳನ್ನು ಮಾಡಿದ್ದು ನೀರಿನಲ್ಲಿ ಪೂರ್ತಿ ಕರಗುವ ಡೈ ಶಾಯಿಗೆ. ಪಿಗ್ಮೆಂಟ್ ಕರಗುವುದಿಲ್ಲ, ತೇಲುತ್ತಿರುತ್ತದೆ. ಕದಡದೆ ಇಟ್ಟ ಮಜ್ಜಿಗೆಯಂತೆ ಮೇಲೆ ತಿಳಿ, ತಳದಲ್ಲಿ ಗಟ್ಟಿ. ಕಾರ್ಟ್ರಿಜ್ ಆದರೆ ತೆಗೆದು ಅಲುಗಿಸಬಹುದು. ಟ್ಯಾಂಕ್ ಮತ್ತು ಉದ್ದನೆಯ ಕೊಳವೆಗಳನ್ನು ಅಲುಗಿಸುವುದು ಹೇಗೆ? ಬಳಸುತ್ತಿರುವುದೊಂದೇ ಉಪಾಯ. ತಿಂಗಳುಗಟ್ಟಲೆ ಬಿಟ್ಟರೆ ಮೊದಲು ಬರುವ ಪ್ರಿಂಟುಗಳು ಪೇಲವವಾಗಿರುತ್ತವೆ.

ಶಾಯಿ ತುಂಬಿದ ಮಾತ್ರಕ್ಕೆ ಪ್ರಿಂಟ್ ಬರುವುದಿಲ್ಲ, ಕಾಗದಕ್ಕೆ ತಕ್ಕಂತೆ ಯಂತ್ರವನ್ನು ಪಳಗಿಸಬೇಕು. ಮೊದಲು ಪ್ರತಿ ಶಾಯಿಗೂ ಮಿತಿ ಕಂಡುಕೊಳ್ಳಬೇಕು: ಯಾವ ಪ್ರಮಾಣ ದಾಟಿದ ಮೇಲೆ ಕಪ್ಪು ಇನ್ನಷ್ಟು ಕಪ್ಪಾಗದೆ ಬರೀ ಕಾಗದ ತೊಯ್ಯುತ್ತದೆ ಎಂಬುದು. ಆಮೇಲೆ ಒಂದು ಬೂದು ಮುಗಿದು ಇನ್ನೊಂದು ಶುರುವಾಗುವ ಜಾಗಗಳನ್ನು ಗುರುತಿಸಬೇಕು. ಅಲ್ಲಿ ಹೊಲಿಗೆ ಕಾಣಬಾರದು. ಕೊನೆಗೆ ಶೂನ್ಯದಿಂದ ನೂರರವರೆಗೆ ಐದೈದರ ಅಂತರದ 21 ಮೆಟ್ಟಿಲುಗಳ ಪಟ್ಟಿ ಮುದ್ರಿಸಿ, ಒಣಗಲು ಬಿಟ್ಟು, ಪ್ರತಿ ಮೆಟ್ಟಿಲಿನ ಹೊಳಪನ್ನು ಅಳೆಯಬೇಕು. ಅಳೆಯಲು ಎಕ್ಸ್-ರೈಟ್ ಐ1ಪ್ರೊನಂಥ ಸ್ಪೆಕ್ಟ್ರೋಫೋಟೋಮೀಟರ್ ಉತ್ತಮ. ಕೈಗೆಟುಕದಿದ್ದರೆ ಒಳ್ಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್, ಜೊತೆಗೆ ಅಳತೆ ಗೊತ್ತಿರುವ ಒಂದು ಬೂದು ಪಟ್ಟಿ ಸಾಕಾಗುತ್ತದೆ. ನೂರರ ಹೊಳಪಿನ ಅಳತೆಯಲ್ಲಿ ಮ್ಯಾಟ್ ಹತ್ತಿ ಕಾಗದದ ಬಿಳಿ 96ರ ಆಚೀಚೆ, ಕಪ್ಪು 16, 17ರ ಆಚೀಚೆ ಬರುತ್ತದೆ. ಇವೆರಡರ ನಡುವಿನ ಮೆಟ್ಟಿಲುಗಳು ಸಮನಾಗಿ ಇಳಿಯುವಂತೆ ಸಾಫ್ಟ್‌ವೇರ್ ತಿದ್ದಿಕೊಡುತ್ತದೆ. ಕಾಗದ ಬದಲಾದರೆ ಈ ಪೂಜೆ ಮೊದಲಿನಿಂದ. ಅದಕ್ಕೇ ಅನುಭವಸ್ಥರು ಒಂದು ಕಾಗದಕ್ಕೆ, ಹೆಚ್ಚೆಂದರೆ ಎರಡಕ್ಕೆ ಅಂಟಿಕೊಳ್ಳುತ್ತಾರೆ. ಡಾರ್ಕ್‌ರೂಮಿನಲ್ಲಿ ಟೆಸ್ಟ್ ಸ್ಟ್ರಿಪ್ ಮಾಡಿ ಬೆಳೆದವರಿಗೆ ಇದು ಹಳೆಯ ಗೆಳೆಯನ ಹೊಸ ವೇಷ. ಫೋನಿನಲ್ಲೇ ಫೋಟೋ ಕಲಿತವರಿಗೆ ತಾಳ್ಮೆಯ ಪರೀಕ್ಷೆ.

ದಿನನಿತ್ಯದ ಶತ್ರು ಮಾತ್ರ ಕಟ್ಟಿಕೊಂಡ ನಾಝಲ್. ಬೆಂಗಳೂರಿನ ಮಾರ್ಚ್ ತಿಂಗಳ ಒಣಗಾಳಿಗೆ ಶಾಯಿ ಹೆಡ್ಡಿನ ತುದಿಯಲ್ಲೇ ಹೆಪ್ಪುಗಟ್ಟುತ್ತದೆ. ವಾರಕ್ಕೊಮ್ಮೆಯಾದರೂ ನಾಝಲ್ ಚೆಕ್ ಮಾಡಿ ಒಂದು ಸಣ್ಣ ಪ್ರಿಂಟ್ ತೆಗೆಯುವುದು ಅಗ್ಗದ ಔಷಧ. ಸಾಲುಸಾಲಾಗಿ ಹೆಡ್ ಕ್ಲೀನಿಂಗ್ ಒತ್ತುವುದು ದುಬಾರಿಯ ಔಷಧ, ಜೊತೆಗೆ ವೇಸ್ಟ್ ಪ್ಯಾಡ್ ತುಂಬಿಸುವ ಕೆಲಸ. ಕರಾವಳಿಯಲ್ಲಿ ಮಳೆಗಾಲದ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಹೆಡ್ ಒಣಗುವುದಿಲ್ಲ, ಆದರೆ ಹತ್ತಿಯ ಕಾಗದ ತೇವ ಕುಡಿದು ಮುದುಡುತ್ತದೆ. ಎದ್ದ ಅಂಚಿಗೆ ಹೆಡ್ ತಾಗಿದರೆ ಕಪ್ಪು ಗೆರೆ ಖಂಡಿತ. ತೆರೆದ ಕಾಗದದ ಕಟ್ಟನ್ನು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡದೆ ಗತ್ಯಂತರವಿಲ್ಲ. ಎರಡೂ ಕಡೆಗೆ ಸಮಾನವಾದದ್ದು ಕರೆಂಟು. ಪ್ರಿಂಟಿನ ನಡುವೆ ವಿದ್ಯುತ್ ಹೋದರೆ ಹೆಡ್ ತನ್ನ ಮುಚ್ಚಳದ ಮೇಲೆ ಹೋಗಿ ಕೂರದೆ ದಾರಿಯಲ್ಲೇ ತೆರೆದುಕೊಂಡು ನಿಲ್ಲುತ್ತದೆ, ಒಣಗುತ್ತದೆ. ಪರದೇಶದ ಕೈಪಿಡಿಗಳು ಇದನ್ನು ಬರೆಯುವುದಿಲ್ಲ. ಕಾರ್ಬನ್ ಶಾಯಿಯ ಯಂತ್ರಕ್ಕೆ ಯುಪಿಎಸ್ ಶೋಕಿಯಲ್ಲ.

ಖರ್ಚಿನ ಲೆಕ್ಕದಲ್ಲಿ ಮೀಸಲು ಯಂತ್ರ ಗೆಲ್ಲುತ್ತದೆ ಎಂಬ ಮಾತನ್ನು ಅರ್ಧ ಮಾತ್ರ ನಂಬಿ. ಬಾಟಲಿಯ ಶಾಯಿ ಕಂಪನಿಯ ಕಾರ್ಟ್ರಿಜ್‌ಗಿಂತ ಅಗ್ಗ, ಅದರಲ್ಲೂ ಒಂದು ಬಾಟಲಿ ಗಟ್ಟಿ ಕಪ್ಪಿನಿಂದ ಐದು ತೆಳು ಬೂದುಗಳನ್ನು ಮನೆಯಲ್ಲೇ ಮಾಡಿಕೊಂಡರೆ ಇನ್ನೂ ಅಗ್ಗ. ಆದರೆ ಶಾಯಿಗಿಂತ ಕಾಗದ ದುಬಾರಿ, ಪಳಗಿಸುವಾಗ ಹಾಳಾಗುವ ಕಾಗದವೂ ಅದೇ ಬೆಲೆಯದು. ತಿಂಗಳಿಗೆ ನಾಲ್ಕು ಪ್ರಿಂಟ್ ತೆಗೆಯುವವರು ಊರಿನ ಒಳ್ಳೆಯ ಲ್ಯಾಬಿಗೆ ಕೊಡುವುದೇ ಲಾಭ. ವಿದೇಶದ ಕೆಲವು ಲ್ಯಾಬುಗಳಲ್ಲಿ ಡಿಜಿಟಲ್ ಫೈಲನ್ನು ಲೇಸರ್ ಬೆಳಕಿನಿಂದ ನಿಜವಾದ ಬೆಳ್ಳಿ ಕಾಗದದ ಮೇಲೆ ಒಡ್ಡಿ, ಡೆವಲಪರಿನಲ್ಲಿ ತೊಳೆದುಕೊಡುವ ಸೌಲಭ್ಯವೂ ಇದೆ. ಬ್ರೋಮೈಡಿನ ಮೋಹ ಬಿಡದವರಿಗೆ ಅದು ನೇರ ದಾರಿ.

ಮೀಸಲು ಯಂತ್ರಕ್ಕೆ ಇನ್ನೊಂದು ಕೆಲಸವಿದೆ, ಈಚೆಗೆ ಅದೇ ಮುಖ್ಯವಾಗುತ್ತಿರುವಂತಿದೆ. ಸಯನೋಟೈಪ್, ಸಾಲ್ಟ್ ಪ್ರಿಂಟ್, ಪ್ಲಾಟಿನಂನಂಥ ಹತ್ತೊಂಬತ್ತನೇ ಶತಮಾನದ ವಿಧಾನಗಳಲ್ಲಿ ಚಿತ್ರ ಎಷ್ಟು ದೊಡ್ಡದೋ ನೆಗೆಟಿವೂ ಅಷ್ಟೇ ದೊಡ್ಡದಿರಬೇಕು. ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೋ ಅತಿನೇರಳೆ ದೀಪಕ್ಕೋ ಒಡ್ಡಬೇಕು. ಅಷ್ಟು ದೊಡ್ಡ ಕ್ಯಾಮೆರಾ ಇಂದು ಯಾರ ಬಳಿ ಇದೆ? ಪಾರದರ್ಶಕ ಫಿಲ್ಮಿನ ಮೇಲೆ ಇಂಕ್‌ಜೆಟ್ಟಿನಿಂದ ನೆಗೆಟಿವ್ ಮುದ್ರಿಸಿಕೊಳ್ಳಬಹುದು ಎಂದು ಡ್ಯಾನ್ ಬರ್ಕ್‌ಹೋಲ್ಡರ್‌ನಂಥವರು ತೋರಿಸಿಕೊಟ್ಟ ಮೇಲೆ ಆ ವಿಧಾನಗಳಿಗೆ ಮರುಜೀವ ಬಂತು. ಬೂದುಗಳು ಹೆಚ್ಚಿದ್ದಷ್ಟೂ ನೆಗೆಟಿವ್ ನುಣುಪು. ಚುಕ್ಕೆಗಳು ಮೂಡಿದರೆ ಅವು ಪ್ಲಾಟಿನಂ ಪ್ರಿಂಟಿನಲ್ಲೂ ಮೂಡುತ್ತವೆ. ಪ್ರಿಂಟರ್ ಇಲ್ಲಿ ಕೊನೆಯ ಚಿತ್ರವನ್ನು ಮಾಡುವುದಿಲ್ಲ, ಅದರ ಅಚ್ಚನ್ನು ಮಾಡುತ್ತದೆ. ಬಾಳಿಕೆ, ಕಂದು ಛಾಯೆ, ಮೆಟಾಮೆರಿಸಂ ಈ ಎಲ್ಲ ಜಗಳಗಳೂ ಆಗ ಹಿಂದೆ ಬೀಳುತ್ತವೆ. ಅತಿನೇರಳೆ ಬೆಳಕನ್ನು ಶಾಯಿ ಎಷ್ಟು ತಡೆಯುತ್ತದೆ ಎಂಬುದೊಂದೇ ಲೆಕ್ಕಕ್ಕೆ ಬರುತ್ತದೆ.

ಮೀಸಲಿಡಬೇಕಾದವರು ಯಾರು ಎಂದು ಇಷ್ಟರಲ್ಲಿ ತಿಳಿದಿರುತ್ತದೆ: ಮ್ಯಾಟ್ ಹತ್ತಿ ಕಾಗದವನ್ನು ಮನಸಾರೆ ಮೆಚ್ಚಿದವರು, ವಾರ ವಾರ ಮುದ್ರಿಸುವವರು, ಇಲ್ಲವೇ ನೆಗೆಟಿವ್ ಮಾಡುವವರು. ಅವರ ಮುಂದಿರುವ ಚಿಂತೆಯೂ ಸಣ್ಣದಲ್ಲ. 1400, 3880ರಂಥ ಯಂತ್ರಗಳ ತಯಾರಿಕೆ ನಿಂತು ವರ್ಷಗಳಾದವು. ಹೆಡ್ ಕೆಟ್ಟರೆ ಹೊಸ ಹೆಡ್ಡಿನ ಬೆಲೆಯಲ್ಲಿ ಇನ್ನೊಂದು ಪ್ರಿಂಟರ್ ಬರುತ್ತದೆ. ಹೊಸ ಪ್ರೊ ಮಾದರಿಗಳಲ್ಲಿ ಚಿಪ್‌ನ ಬೀಗ ಬಿಗಿಯಾಗಿದೆ. ಒಂದು ಫರ್ಮ್‌ವೇರ್ ಅಪ್‌ಡೇಟ್ ಸಾಕು, ನಿನ್ನೆ ಒಪ್ಪಿದ ಹೊರಗಿನ ಕಾರ್ಟ್ರಿಜ್ ಇಂದು ಬೇಡವಾಗಲು. ಹಾಗಾಗಿ ಈ ಹವ್ಯಾಸ ಮೆಲ್ಲಗೆ ಚಿಪ್ ಇಲ್ಲದ ಇಂಕ್‌ಟ್ಯಾಂಕ್ ಯಂತ್ರಗಳ ಕಡೆಗೆ ಸರಿಯುತ್ತಿದೆ. ಅವು ನಮ್ಮ ಪೇಟೆಯಲ್ಲಿ ಧಾರಾಳವಾಗಿವೆ, ರಿಪೇರಿ ಬಲ್ಲವರೂ ಇದ್ದಾರೆ. ಕೊಳ್ಳುವವರು ನಾಝಲ್ ಚೆಕ್ ಮಾಡಿಸದೆ ದುಡ್ಡು ಕೊಡಬಾರದು. ಡಿಟಿಎಫ್ ಬಿಳಿ ಶಾಯಿ ಒಮ್ಮೆ ಹರಿದ ಹೆಡ್ ಇದ್ದರೆ ಎಷ್ಟೇ ಅಗ್ಗವಾದರೂ ಬೇಡ.